ಟರ್ಕಿಯ ಹೊಟ್ಟೆಯೊಳಗೆ ಐಸ್

ಡಲ್ಲಾಸ್ ಹತ್ತಿರದ ಒಂದು ಹೋಟೆಲ್ ಕಿಚನ್‌ನಲ್ಲಿ ನನ್ನ ಮೊದಲ ಥ್ಯಾಂಕ್ಸ್‌ಗಿವಿಂಗ್. ಅದು ಅಮೆರಿಕದವರ ಹಬ್ಬ, ಬರುವುದು ನವೆಂಬರಿನ ನಾಲ್ಕನೇ ಗುರುವಾರ. ಊಟಕ್ಕೆ ನಾಲ್ಕು ಟರ್ಕಿ ಕೋಳಿ, ಒಂದೊಂದೂ 20 ಪೌಂಡ್, ಅಂದರೆ ಹತ್ತಿರ ಹತ್ತಿರ 9 ಕೆ.ಜಿ. ಫ್ರೀಜರ್‌ನಿಂದ ತೆಗೆದು, ಐಸ್ ಕರಗಲು ಕೂಲರ್‌ಗೆ, ಅಂದರೆ ಕಿಚನ್ನಿನ ದೊಡ್ಡ ಫ್ರಿಜ್‌ಗೆ, ಹಾಕುವ ಕೆಲಸ ನನ್ನದು. ಸೋಮವಾರ ಬೆಳಿಗ್ಗೆ ಹಾಕಿ, ಗುರುವಾರಕ್ಕೆ ಬೇಕಾದಷ್ಟು ಹೊತ್ತಿದೆ ಅಂದುಕೊಂಡೆ. ಕುಂದಾಪುರದ ಕಡೆಯವನು ನಾನು. ಬೆಳಿಗ್ಗೆ ಕೊಯ್ದ ಕೋಳಿ ಮಧ್ಯಾಹ್ನಕ್ಕೆ ಸಾರಾಗುವ ಮನೆ. ಕಲ್ಲಾದ ಮಾಂಸದ ಲೆಕ್ಕ ನನಗೆಲ್ಲಿಂದ ಬರಬೇಕು?

ಬುಧವಾರ ಸಂಜೆ ಒತ್ತಿ ನೋಡಿದೆ, ಎದೆಭಾಗ ಮೆತ್ತಗಿತ್ತು. ಒಂದರ ಪ್ಲಾಸ್ಟಿಕ್ ಕತ್ತರಿಸಿ, ಒಳಗೆ ಇಟ್ಟೇ ಮಾರುವ ಕತ್ತು-ಲಿವರ್ ಪೊಟ್ಟಣ ತೆಗೆಯೋಣ ಎಂದು ಕೈ ಹಾಕಿದರೆ ಬೆರಳು ಟಣ್ ಎಂದು ಐಸಿಗೆ ಬಡಿಯಿತು. ಪೊಟ್ಟಣ ಬೆನ್ನೆಲುಬಿಗೆ ಕಚ್ಚಿಕೊಂಡು ಕೂತಿತ್ತು. ಎಳೆದೆ, ಕಾಗದದ ತುದಿ ಮಾತ್ರ ಹರಿದು ಕೈಗೆ ಬಂತು.

ಕೂಲರ್‌ನಲ್ಲಿ ಕರಗಲು ಪ್ರತಿ ನಾಲ್ಕೈದು ಪೌಂಡಿಗೆ ಒಂದು ಪೂರ್ತಿ ದಿನ ಬೇಕು. ನಮ್ಮ ಟರ್ಕಿಗೆ ನಾಲ್ಕೈದು ದಿನ. ನಾನು ಕೊಟ್ಟದ್ದು ಎರಡೂವರೆ. ಸಾಲದ್ದಕ್ಕೆ ರಟ್ಟಿನ ಬಾಕ್ಸ್ ಬಿಚ್ಚದೆ ಒಂದರ ಮೇಲೊಂದು ಪೇರಿಸಿದ್ದೆ. ಒಂದರ ಚಳಿಯನ್ನು ಇನ್ನೊಂದು ಜೋಪಾನ ಮಾಡುತ್ತಿತ್ತು.

ಬಿಸಿನೀರು ಬಿಡಲಾ ಎಂದು ಕೇಳಿದೆ. ಶೆಫ್ ಬೈಯಲಿಲ್ಲ, ಸುಮ್ಮನೆ ನೋಡಿದರು. (ಬೈದಿದ್ದರೇ ವಾಸಿ ಇತ್ತು.) ಬಿಸಿನೀರಿಗೆ ಹಾಕಿದರೆ ಒಳಗೆ ಐಸ್ ಇರುವಾಗಲೇ ಹೊರಗಿನ ಮಾಂಸ ಬೆಚ್ಚಗಾಗುತ್ತದೆ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಉಳಿದ ದಾರಿ ತಣ್ಣೀರು: ಪೌಂಡಿಗೆ ಅರ್ಧ ಗಂಟೆ, ಅರ್ಧ ಗಂಟೆಗೊಮ್ಮೆ ನೀರು ಬದಲು. ಪೂರ್ತಿ ಗಟ್ಟಿ ಇದ್ದಿದ್ದರೆ ಹತ್ತು ಗಂಟೆ. ಅರ್ಧ ಕರಗಿದ್ದರಿಂದ ರಾತ್ರಿ ಎರಡಕ್ಕೆ ಮುಗಿಯಿತು. ಪ್ಲಾಸ್ಟಿಕ್ ಬಿಚ್ಚಿದ್ದನ್ನು ನೀರು ನುಗ್ಗದ ಚೀಲಕ್ಕೆ ತುಂಬಿ ಮುಳುಗಿಸಿದೆವು. ಟಬ್ಬಿನ ನೀರು ಚೆಲ್ಲಿ ತುಂಬಿಸಿ, ಚೆಲ್ಲಿ ತುಂಬಿಸಿ, ಕೈಬೆರಳು ನನ್ನದೋ ಟರ್ಕಿಯದೋ ತಿಳಿಯದಂತಾಯಿತು.

ಮರುದಿನ ಥರ್ಮಾಮೀಟರ್ ತೊಡೆಯಲ್ಲೂ ಎದೆಯಲ್ಲೂ 74 ಡಿಗ್ರಿ ತೋರಿಸಿತು. ಒಳಗೂ ಸರಿಯಾಗಿ ಬೆಂದಿತ್ತು, ಆ ಮಟ್ಟಿಗೆ ಬಚಾವ್. ಆದರೆ ಚರ್ಮ ಗರಿಗರಿ ಆಗಲಿಲ್ಲ. ಉಪ್ಪು ಸವರಿ ಒಂದು ರಾತ್ರಿ ಕೂಲರ್‌ನಲ್ಲಿ ತೆರೆದಿಟ್ಟು ಚರ್ಮ ಒಣಗಿಸಬೇಕಿತ್ತು. ಆ ರಾತ್ರಿಯೆಲ್ಲ ನೀರಲ್ಲೇ ಕಳೆದಿತ್ತಲ್ಲ. ಉಪ್ಪಿಗೂ ಮುಂಚೆ ಲೇಬಲ್ ಓದಬೇಕು ಅನ್ನಿ. ಎಷ್ಟೋ ಫ್ರೋಜನ್ ಟರ್ಕಿಗೆ ಕಂಪನಿಯವರೇ ಉಪ್ಪುನೀರು ಚುಚ್ಚಿರುತ್ತಾರೆ, ಅದಕ್ಕೆ ಮತ್ತೆ ಧಾರಾಳವಾಗಿ ಉಪ್ಪು ಸುರಿದರೆ ಬಾಯಿಗಿಡಲು ಆಗುವುದಿಲ್ಲ.

ಈಗ ಹಿಂದಿನ ಶುಕ್ರವಾರವೇ ತೆಗೆಯುತ್ತೇನೆ. ಬಾಕ್ಸ್ ಬಿಚ್ಚಿ, ಒಂದಕ್ಕೊಂದು ತಾಗದಂತೆ ಟ್ರೇಯಲ್ಲಿ, ಎಲ್ಲಕ್ಕಿಂತ ಕೆಳಗಿನ ಶೆಲ್ಫಿನಲ್ಲಿ. ಸೋರಿದ ರಸ ಸಲಾಡ್ ಮೇಲೆ ಬೀಳಬಾರದು. ಟೇಪಿನ ಮೇಲೆ ಮಾರ್ಕರ್‌ನಲ್ಲಿ ತಾರೀಖು. ಆದರೂ ಬುಧವಾರ ಬೆಳಿಗ್ಗೆ ಶೆಫ್ ಗುಡ್ ಮಾರ್ನಿಂಗ್‌ಗೂ ಮೊದಲು ಕೇಳುವುದು ಒಂದೇ: "ಒಳಗೆ ಕೈ ಹಾಕಿ ನೋಡಿದೆಯಾ?"