ಎಂಟರಲ್ಲಿ ಒಂದೂ ಬೇಡ!

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡೋ ಒಪ್ಪಂದವನ್ನ ಆಗಿನ ಪ್ರಧಾನಿ ಥೆರೆಸಾ ಮೇ 2019ರಲ್ಲಿ ಮೂರು ಸಲ ಸಂಸತ್ತಿನ ಮುಂದಿಟ್ರು. ಮೂರು ಸಲವೂ ಬಿತ್ತು. ಮೊದಲನೇ ಸಲವಂತೂ 432-202, ಅವರದೇ ಪಕ್ಷದ ನೂರಕ್ಕೂ ಹೆಚ್ಚು ಮಂದಿ ಎದುರು! ಎರಡನೇ ಸೋಲಾದ ಮೇಲೆ ಸದಸ್ಯರೇ ಪಟ್ಟು ಹಿಡಿದು ಮಾರ್ಚ್ 27ಕ್ಕೆ ಎಂಟು ಪರ್ಯಾಯಗಳ ಮೇಲೆ ಮತ ಹಾಕಿದ್ರು. ಒಂದಕ್ಕೂ ಬಹುಮತ ಇಲ್ಲ.

ಆ ಸಂಸತ್ ಕಲಾಪದ ವಿಡಿಯೊಗಳನ್ನ ಈಗ ಮತ್ತೆ ನೋಡ್ತಿದ್ರೆ ಅನ್ಸುತ್ತೆ, 2016ರಲ್ಲಿ ಜನರನ್ನ ಕೇಳಿದ್ದು ಬಿಡೋದಾ, ಇರೋದಾ ಅಂತ ಅಷ್ಟೇ. ಸುಮಾರು 52% ಬಿಡೋಣ ಅಂದ್ರು. ಹೇಗೆ ಬಿಡೋದು, ಒಕ್ಕೂಟದಲ್ಲೇ ಉಳಿಯೋ ಐರ್ಲೆಂಡ್ ಜೊತೆಗಿನ ಗಡಿ ಏನ್ಮಾಡೋದು ಅನ್ನೋದು ಮತಪತ್ರದಲ್ಲಿ ಇರಲೇ ಇಲ್ಲ. ಆಚೆ ಕಡೆ ಒಕ್ಕೂಟದ 27 ದೇಶಗಳದ್ದು ಒಂದೇ ಪಟ್ಟು. ಇಲ್ಲಿ ಒಂದೇ ಸಂಪುಟದಲ್ಲಿ ಹತ್ತು ಬಾಯಿ. ಇನ್ನೆಲ್ಲಿ ಚೌಕಾಸಿ?

ಆಗಿನ ಸ್ಪೀಕರ್ ಬರ್ಕೋ 'ಆರ್ಡರ್' ಅಂತ ಗಂಟಲು ಹರ್ಕೊಳ್ಳೋದನ್ನ ಮಾತ್ರ ಎಷ್ಟು ಸಲ ಬೇಕಾದ್ರೂ ನೋಡಬಹುದು 😄