ನಕಾಶೆಯಲ್ಲಿ ಗಾಳಿಗೆ ಬಾಣದ ಗುರುತಿಲ್ಲ

"ಗುಡ್ಡದ ಮರೆ ಇದೆ, ಹತ್ತುವಾಗ ಗಾಳಿ ತಾಗೋದಿಲ್ಲ." ಹೋದ ವರ್ಷ ಏಪ್ರಿಲ್‌ನ ಒಂದು ಬೆಳಿಗ್ಗೆ, ಪೆನ್ರಿತ್‌ನ ಗೆಸ್ಟ್‌ಹೌಸ್ ಹಿಂದಿನ ಅಂಗಳದಲ್ಲಿ ಸೈಕಲ್ ಸಜ್ಜು ಮಾಡಿಕೊಳ್ಳುತ್ತಿದ್ದ ಏಳು ಜನಕ್ಕೆ ನಾನು ಹೇಳಿದ ಮಾತು ಇದು. ಮೂರು ಗಂಟೆ ಕಳೆಯುವುದರೊಳಗೆ ಅವರಲ್ಲಿ ಒಬ್ಬರು ಹಾರ್ಟ್‌ಸೈಡ್ ರಸ್ತೆಯ ನಟ್ಟನಡುವೆ ಬಿದ್ದಿದ್ದರು. ಆ ಮಾತು ಹೇಳಿದ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ. ಒಂದಿಷ್ಟೂ ಅನುಮಾನ ಇರಲಿಲ್ಲ ಆ ದನಿಯಲ್ಲಿ.

ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಸೈಕಲ್ ಪ್ರವಾಸ ನಡೆಸುವ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ವರ್ಷದಿಂದ ರೂಟ್ ಹಾಕುವ ಕೆಲಸ ನನ್ನದು. ಚಳಿಗಾಲದಲ್ಲಿ ಆಫೀಸಿನಲ್ಲಿ ಕೂತು ಜಿಪಿಎಕ್ಸ್, ಅಂದರೆ ಸವಾರರಿಗೆ ದಾರಿ ತೋರಿಸುವ ಫೈಲ್ ಮಾಡುವುದು, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಗ್ರೂಪಿನ ಮುಂದೆ ಲೀಡ್ ಅಥವಾ ಎಲ್ಲರ ಹಿಂದೆ ಸ್ವೀಪ್. ಊರು ಸಕಲೇಶಪುರದ ಹತ್ತಿರ. ಬಿಸಿಲೆ, ಶಿರಾಡಿ ಅಂತ ಘಾಟಿ ನೋಡಿಕೊಂಡೇ ಬೆಳೆದವನು, ಹಾಗಾಗಿ ಗುಡ್ಡ ನನಗೆ ಹೊಸದಲ್ಲ ಎಂಬ ಧೈರ್ಯ ಮೊದಲಿಂದಲೂ ಇತ್ತು. ನಮ್ಮೂರಲ್ಲಿ ಗಾಳಿ ಜೋರಾದರೆ ದನಗಳು ತಾವಾಗಿಯೇ ಗುಡ್ಡದ ಆಚೆ ಬದಿಗೆ ಹೋಗಿ ನಿಲ್ಲುತ್ತವೆ. ಅಲ್ಲಿ ಗಾಳಿ ಇರುವುದಿಲ್ಲ. ಅಷ್ಟೇ ನನ್ನ ಲೆಕ್ಕ.

ಬಂದದ್ದು ರೆಡಿಂಗ್‌ನಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳವರು. "ನಿಮ್ಮ ಭಾಷೆಯವರು, ನೀನೇ ಲೀಡ್ ಮಾಡು" ಎಂದು ಆಫೀಸಿನಲ್ಲಿ ಹೇಳಿದಾಗ ಖುಷಿಯಾಗಿತ್ತು. ಸಿ-ಟು-ಸಿ, ಅಂದರೆ ಪಶ್ಚಿಮದ ವೈಟ್‌ಹೇವನ್‌ನಿಂದ ಪೂರ್ವದ ಟೈನ್‌ಮೌತ್‌ಗೆ, ಸಮುದ್ರದಿಂದ ಸಮುದ್ರಕ್ಕೆ ಸುಮಾರು 225 ಕಿ.ಮೀ., ನಾಲ್ಕು ದಿನ. 1994ರಲ್ಲಿ ಈ ದಾರಿ ಶುರುವಾದಾಗಿನಿಂದ ಹೆಚ್ಚಿನವರು ಪಶ್ಚಿಮದಿಂದ ಪೂರ್ವಕ್ಕೇ ಹೋಗುತ್ತಾರೆ. ಇಲ್ಲಿ ವರ್ಷದ ಬಹುಪಾಲು ನೈರುತ್ಯದ ಗಾಳಿ, ಅದು ಬೆನ್ನಿಗೆ ಇರಲಿ ಅಂತ. ಮೂರನೇ ದಿನ ಪೆನ್ರಿತ್ ಬಿಟ್ಟು, ಈಡನ್ ನದಿ ದಾಟಿ, ಹಾರ್ಟ್‌ಸೈಡ್ ಹತ್ತಿ ಆಲ್‌ಸ್ಟನ್ ಕಡೆಗೆ ಇಳಿಯಬೇಕು.

ನಾನು ರೂಟ್ ಹಾಕುವ ರೀತಿಯಲ್ಲೇ ಒಂದು ಹುಳುಕಿತ್ತು ಅಂತ ಈಗ ಗೊತ್ತಾಗುತ್ತದೆ. ಇಲ್ಲಿನ ಸರ್ಕಾರಿ ಆರ್ಡ್‌ನನ್ಸ್ ಸರ್ವೆ ನಕಾಶೆಯಲ್ಲಿ ರಸ್ತೆಯ ಮೇಲೆ ಬಾಣದ ಗುರುತು ಇರುತ್ತದೆ. ಒಂದು ಬಾಣ ಇದ್ದರೆ ಶೇ. 14ರಿಂದ 20ರ ಏರು, ಎರಡಿದ್ದರೆ ಶೇ. 20ಕ್ಕೂ ಮೇಲೆ. ಬಾಣ ಇದ್ದಲ್ಲಿ ಮಾತ್ರ ನನ್ನ ಕಣ್ಣು ನಿಲ್ಲುತ್ತಿತ್ತು. ಹಾರ್ಡ್‌ನಾಟ್ ಪಾಸ್ ಇರುವ ರೂಟ್‌ಗೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೇನೆ, ಶೇ. 33ರ ಏರು ಅದು. ಯಾರಿಗೆ 34-32 ಗೇರ್ ಸಾಕು, ಯಾರಿಗೆ ಇ-ಬೈಕ್, ಬ್ರೇಕ್ ಪ್ಯಾಡ್ ಯಾವುದು, ಎಲ್ಲವನ್ನೂ ಬರೆದಿಟ್ಟಿದ್ದೆ. ಹಾರ್ಟ್‌ಸೈಡ್ ಹಾಗಲ್ಲ. ಮೆಲ್ಮರ್ಬಿ ಹಳ್ಳಿಯಿಂದ ಸುಮಾರು 8 ಕಿ.ಮೀ., ಏರಿಕೆ 400 ಮೀಟರ್, ಸರಾಸರಿ ಶೇ. 5. ಯಾರೂ ಇಳಿದು ತಳ್ಳಬೇಕಾಗಿಲ್ಲ. ಶೀಟ್‌ನಲ್ಲಿ 'ಮಧ್ಯಮ' ಎಂದು ಬರೆದು ಮುಂದಕ್ಕೆ ಹೋಗಿದ್ದೆ. ರೆಕ್ಕಿ, ಅಂದರೆ ಮುಂಚೆಯೇ ಹೋಗಿ ದಾರಿ ನೋಡಿಬರುವುದು, ಮಾಡಿದ್ದು ಆಗಸ್ಟ್‌ನಲ್ಲಿ, ತಣ್ಣನೆ ನೈರುತ್ಯದ ಗಾಳಿ ಬೆನ್ನು ತಳ್ಳುತ್ತಿದ್ದ ಒಂದು ಮಧ್ಯಾಹ್ನ.

ಸಿ-ಟು-ಸಿಯ ಫಲಕ ಅನುಸರಿಸಿದರೆ ಸಣ್ಣ ಹಳ್ಳಿ ದಾರಿಗಳು ಸಿಗುತ್ತವೆ. ಅದನ್ನು ಬಿಟ್ಟು ಎ686 ಹೆದ್ದಾರಿಯಲ್ಲೇ ಹತ್ತಿಸಿದ್ದೂ ನಾನೇ. ನುಣ್ಣನೆ ಟಾರು, ದೊಡ್ಡ ದೊಡ್ಡ ತಿರುವು, ಹಿಂತಿರುಗಿ ನೋಡಿದರೆ ಈಡನ್ ಕಣಿವೆ, ಅದರಾಚೆ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಸಾಲು, ಆಕಾಶ ತಿಳಿಯಾಗಿದ್ದರೆ ಸ್ಕಾಟ್ಲೆಂಡಿನ ಗುಡ್ಡಗಳೂ. ಪ್ರತಿ ದಿನಕ್ಕೊಂದು 'ಹೆಸರಾಂತ ಏರು' ಇರಲೇಬೇಕು ಅಂತ ಆಫೀಸಿನ ಹಟ, ಬ್ರೋಷರಿಗೆ ಚಿತ್ರ ಬೇಕಲ್ಲ. ಆ ತಿರುವುಗಳ ಚಿತ್ರ ನಮ್ಮ ಬ್ರೋಷರಿನ ನಾಲ್ಕನೇ ಪುಟದಲ್ಲಿತ್ತು.

ಅಂದು ಬೆಳಿಗ್ಗೆ ಫೋನಿನಲ್ಲಿ ಪೆನ್ರಿತ್‌ನ ಹವಾಮಾನ ನೋಡಿದೆ. ಬಿಸಿಲು, ಮಳೆ ಇಲ್ಲ, ಈಶಾನ್ಯದಿಂದ ಸಾಧಾರಣ ಗಾಳಿ. ಈಶಾನ್ಯ ಅಂದರೆ ಎದುರುಗಾಳಿ ನಿಜ, ಆದರೆ ನಾವು ಹತ್ತುವುದು ಪಶ್ಚಿಮದ ಮೈ, ಬೆಟ್ಟವೇ ನಮಗೂ ಗಾಳಿಗೂ ನಡುವೆ ಅಡ್ಡ ನಿಲ್ಲುತ್ತದೆ. ಹಾಗಂದುಕೊಂಡೇ ಮರೆಯ ಮಾತು ಹೇಳಿದ್ದು. ಇಪ್ಪತ್ತು ವರ್ಷದಿಂದ ಈ ದಾರಿಯಲ್ಲಿ ವ್ಯಾನ್ ಓಡಿಸುತ್ತಿರುವ ನಮ್ಮ ಹಿರಿಯ ಡ್ರೈವರ್ ಜೊತೆಗಿದ್ದಿದ್ದರೆ ತಡೆಯುತ್ತಿದ್ದರು. ಅವರನ್ನು ಆ ವಾರ ಇನ್ನೊಂದು ಗ್ರೂಪಿಗೆ ಹಾಕಿದ್ದರು, ನನಗೆ ಸಿಕ್ಕಿದ್ದು ಸೇರಿ ಹತ್ತು ದಿನವಾದ ಹುಡುಗ. ಸ್ವೀಪ್ ಕೂಡ ಹೊಸಬನೇ. ಈಸ್ಟರ್ ರಜೆಯ ಹೊತ್ತಿಗೆ ಜನ ಸಾಲುವುದಿಲ್ಲ ಅಂತ ಪ್ರತಿ ವರ್ಷ ಗೊತ್ತಿದ್ದರೂ ಪ್ರತಿ ವರ್ಷ ಹೀಗೇ.

ಲ್ಯಾಂಗ್‌ವದ್‌ಬಿಯಲ್ಲಿ ನದಿ ದಾಟುವಾಗ ಎಲೆ ಅಲುಗುತ್ತಿರಲಿಲ್ಲ. ಜಾಕೆಟ್ ಬಿಚ್ಚಿ ಕಟ್ಟಿಕೊಂಡೆವು. ಮುಂದೆ ಪೂರ್ವಕ್ಕೆ ಬೆಟ್ಟದ ನೆತ್ತಿಯ ಉದ್ದಕ್ಕೂ ಬಿಳಿ ಮೋಡ ಗೋಡೆಯ ಮೇಲೆ ಹೊದಿಸಿದ ಕಂಬಳಿಯ ಹಾಗೆ ಕೂತಿತ್ತು, ಕತ್ತರಿಸಿಟ್ಟಷ್ಟು ನೇರ. ಆ ಸಾಲಿನ ಗ್ರೇಟ್ ಡನ್ ಫೆಲ್ ಬೆಟ್ಟದ ತುದಿಯ ರೇಡಾರ್‌ನ ಬಿಳಿ ಗೋಳ ಕಾಣಲೇ ಇಲ್ಲ. ನಮ್ಮ ನೆತ್ತಿಯ ಹತ್ತಿರ ಇನ್ನೊಂದು ಉದ್ದನೆ ಮೋಡ, ಬೆಟ್ಟಕ್ಕೆ ಸಮಾನಾಂತರವಾಗಿ ದಿಂಡಿನಂತೆ ಬಿದ್ದಿತ್ತು. ಎರಡರ ನಡುವೆ ನೀಲಿ ಆಕಾಶದ ಪಟ್ಟಿ. ನಿಂತು ಫೋಟೊ ತೆಗೆದೆ. ಆ ಫೋಟೊ ಈಗಲೂ ಫೋನಿನಲ್ಲಿದೆ. ಆ ದಿನ ತಿಳಿಯಬೇಕಾದದ್ದೆಲ್ಲ ಅದರಲ್ಲೇ ಇತ್ತು.

ಮೆಲ್ಮರ್ಬಿ ಸಮೀಪಿಸುತ್ತಿದ್ದಂತೆ ಬಾಗಿಲು ತೆರೆದ ಹಾಗೆ ಗಾಳಿ ಶುರುವಾಯಿತು. ಹಳ್ಳಿಯ ಹಸಿರು ಬಯಲಿನ ಪಕ್ಕ ಗೇಟು ಹಾಕುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ ಏನೋ ಕೂಗಿ ಹೇಳಿದರು. ಗಾಳಿಯಲ್ಲಿ ನನಗೆ ಕೇಳಿಸಿದ್ದು 'ಹೆಲ್ಮ್' ಅನ್ನುವುದೊಂದೇ. ಹೆಲ್ಮೆಟ್ ಅಂದರು ಅಂದುಕೊಂಡೆ. ತಲೆ ಮುಟ್ಟಿ ತೋರಿಸಿ, ಕೈ ಬೀಸಿ, ಮುಂದೆ ಹೋದೆ. ಅವರು ಗೇಟು ಬಿಟ್ಟು ರಸ್ತೆಯವರೆಗೆ ಬಂದದ್ದನ್ನು ಆಮೇಲೆ ಗ್ರೂಪಿನವರೊಬ್ಬರು ಹೇಳಿದರು. ನಾನು ಹಿಂತಿರುಗಿ ನೋಡಿರಲಿಲ್ಲ.

ಅವರು ಹೇಳಿದ್ದು 'ಹೆಲ್ಮ್ ಎದ್ದಿದೆ' ಅಂತ. ಬ್ರಿಟನ್ನಿನಲ್ಲಿ ಹೆಸರಿರುವ ಗಾಳಿ ಇದೊಂದೇ, ಹೆಲ್ಮ್ ವಿಂಡ್. ಗುಡ್ಡದ ತಲೆಗೆ ಶಿರಸ್ತ್ರಾಣದಂತೆ ಕೂರುವ ಆ ಮೋಡದಿಂದ ಬಂದ ಹೆಸರು. ನಾವು ಹತ್ತುತ್ತಿದ್ದ ಈ ಕ್ರಾಸ್ ಫೆಲ್ ಬೆಟ್ಟಸಾಲಿನ ಪೂರ್ವದ ಕಡೆ ಇಳಿಜಾರು ನಿಧಾನ, ಪಶ್ಚಿಮದ ಕಡೆ ಕಡಿದು ಬಿಟ್ಟ ಹಾಗೆ. ಈಶಾನ್ಯದಿಂದ ಬರುವ ತಣ್ಣನೆ ಭಾರದ ಗಾಳಿ ನಿಧಾನಕ್ಕೆ ಏರಿ ಈ ಕಡೆ ಧುಮುಕುತ್ತದೆ. ನಮ್ಮಲ್ಲಿ ಕೆರೆ ಕೋಡಿ ಬಿದ್ದದ್ದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಏರಿಯ ಹಿಂದೆ ನೀರು ನಿಂತಂತೆಯೇ ಇರುತ್ತದೆ, ಕಟ್ಟೆಯ ಮೇಲೆ ತೆಳ್ಳಗೆ ಜಾರುತ್ತದೆ, ಇಳಿಯುವಲ್ಲಿ ರಭಸ, ಬುಡದಲ್ಲಿ ಒಮ್ಮೆಲೇ ಪುಟಿದು ನೊರೆಯ ದಿಂಡು. ನಾನು ಫೋಟೊ ತೆಗೆದ ದಿಂಡುಮೋಡ ಆ ನೊರೆ. ಲ್ಯಾಂಗ್‌ವದ್‌ಬಿಯ ನಿಶ್ಶಬ್ದ ಅದರ ಆಚೆಯದು. 1930ರ ದಶಕದಲ್ಲಿ ಗಾರ್ಡನ್ ಮ್ಯಾನ್ಲಿ ಎಂಬ ಹವಾಮಾನ ತಜ್ಞರು ಗ್ರೇಟ್ ಡನ್ ಫೆಲ್ ಮೇಲೆ ಗುಡಿಸಲು ಹಾಕಿಕೊಂಡು ಇದನ್ನು ಅಳೆದಿದ್ದರು. ಚಳಿಗಾಲದ ಕೊನೆಗೆ, ವಸಂತದಲ್ಲಿ ಇದು ಹೆಚ್ಚು. ನಾನು ಮರೆ ಅಂದುಕೊಂಡ ಮೈಯೇ ಕೋಡಿಯ ಬಾಯಿ.

ಮೊದಲ ಒಂದೂವರೆ ಕಿ.ಮೀ. ಎದುರುಗಾಳಿ. ರೈಲು ಹಾದುಹೋಗುವ ಹಾಗೆ ಸದ್ದು, ಆದರೆ ರೈಲು ಮುಗಿಯುವುದೇ ಇಲ್ಲ. ಇಷ್ಟೇ ಆದರೆ ಸುಸ್ತಾಗುತ್ತದೆ, ಅಪಾಯವಿಲ್ಲ ಅನ್ನಿಸಿತು. ಅಲ್ಲೇ ನಿಲ್ಲಿಸಬಹುದಿತ್ತು. ಮೇಲೆ ಹೋದರೆ ಮೋಡದ ಹತ್ತಿರ ಗಾಳಿ ತಗ್ಗಬಹುದು, ವ್ಯಾನ್ ತುದಿಯಲ್ಲಿದೆ, ಬಿಸಿ ಚಹಾ ಇದೆ ಎಂದೆಲ್ಲ ಯೋಚಿಸಿದೆ. ಮೊದಲು ತುದಿಯಲ್ಲಿ ಒಂದು ಕೆಫೆ ಇತ್ತು, 2018ರಲ್ಲಿ ಸುಟ್ಟುಹೋಯಿತು. ಈಗ ಅಲ್ಲಿ ನಿಲ್ಲಲು ನಮ್ಮ ವ್ಯಾನ್ ಬಿಟ್ಟರೆ ಬೇರೆ ಆಸರೆಯಿಲ್ಲ.

ತಿರುವು ಬಂತು. ಎದುರಿಗಿದ್ದ ಗಾಳಿ ಬಲಗಡೆಗೆ ಬಂತು, ನಮ್ಮನ್ನು ರಸ್ತೆಯ ಎಡ ಅಂಚಿಗೆ, ಹುಲ್ಲಿಗೆ ಒತ್ತಿತು. ಎಲ್ಲರೂ ಬಲಕ್ಕೆ ವಾಲಿಕೊಂಡು ತುಳಿದೆವು. ಇನ್ನೊಂದು ತಿರುವು. ರಸ್ತೆ ಆಗ್ನೇಯಕ್ಕೆ ಹೊರಳಿದ್ದೇ ತಡ, ಅದೇ ಗಾಳಿ ಎಡಗಡೆಯಿಂದ ಹೊಡೆಯಿತು. ಈ ದೇಶದಲ್ಲೂ ನಮ್ಮ ಹಾಗೆಯೇ ಎಡಬದಿಯ ಸಂಚಾರ. ಎಡದಿಂದ ಹೊಡೆದರೆ ನಾವು ಹೋಗಿ ಬೀಳುವುದು ಎದುರು ಬರುವ ಗಾಡಿಯ ಲೇನಿಗೆ.

ನಾನು ಮುಂದಿದ್ದೆ. ಹಿಂದೆ "ತಮ್ಮಾ, ತಡೀಯೋ..." ಅನ್ನುವಷ್ಟು ಕೇಳಿತು. ತಿರುಗಿದಾಗ ಅಕ್ಕ ರಸ್ತೆಯ ನಡುಗೆರೆ ದಾಟುತ್ತಿದ್ದರು. ದಾವಣಗೆರೆಯವರು, 58 ವರ್ಷ, ಗ್ರೂಪಿನಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ಹಗುರ. ಅವರಿಗೆ ಚೆನ್ನಾದ ಸೈಕಲ್ ಕೊಡಬೇಕೆಂದು ನಾನೇ ಆರಿಸಿ ಕೊಟ್ಟದ್ದು ಡೀಪ್ ರಿಮ್‌ನ, ಅಂದರೆ ಅಗಲ ಪಟ್ಟಿಯಂಥ ರಿಮ್ ಇರುವ ಕಾರ್ಬನ್ ಚಕ್ರ. ಅಡ್ಡಗಾಳಿಗೆ ಅದು ಹಾಯಿ ಇದ್ದ ಹಾಗೆ. ಮುಂದಿನ ಚಕ್ರ ಬಲಕ್ಕೆ ಕಿತ್ತುಕೊಂಡು ಹೋಯಿತು. ಅವರು ಕಾಲು ಊರಲು ನೋಡಿದರು, ಶೂವನ್ನು ಪೆಡಲ್‌ಗೆ ಕಚ್ಚಿಸುವ ಕ್ಲೀಟ್ ಬಿಡಲಿಲ್ಲ. ಎದುರಿಂದ ಮೋಟಾರ್ ಬೈಕೊಂದು ಇಳಿಯುತ್ತಿತ್ತು.

ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಯಾರಿಗೂ ಕೇಳಿಸಿಯೂ ಇರಲಿಕ್ಕಿಲ್ಲ. ಬೈಕಿನವನು ಗಾಳಿಗೆ ಹೆದರಿ ಮೊದಲೇ ನಿಧಾನಕ್ಕೆ ಬರುತ್ತಿದ್ದ, ಅಷ್ಟೇ ನಮ್ಮ ಪುಣ್ಯ. ಅವನ ಮುಂದಿನ ಚಕ್ರ ಅಕ್ಕನ ಹೆಲ್ಮೆಟ್ಟಿನಿಂದ ಮೂರು ಮಾರು ದೂರದಲ್ಲಿ ನಿಂತಿತು.

ಸೈಕಲ್ ಹುಲ್ಲಿಗೆ ಎಸೆದು ಓಡಿದೆ. ಅವರು ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದರು. "ಏನಾಗಿಲ್ಲ ಬಿಡು, ಮಕ್ಕಳನ್ನ ನೋಡು" ಅಂದರು. ಮಕ್ಕಳು ಅಂದರೆ ನಲವತ್ತು ವರ್ಷದ ಇಂಜಿನಿಯರುಗಳು. ಅವರೂ ಒಬ್ಬೊಬ್ಬರಾಗಿ ಇಳಿದು, ಸೈಕಲ್ ಮೇಲೆ ಒರಗಿ ಅದನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಹಿಡಿ ಸಡಿಲಿಸಿದರೆ ಸೈಕಲ್ ಬಾವುಟದ ಹಾಗೆ ಏಳುತ್ತಿತ್ತು. ಬೈಕಿನವನು ತನ್ನ ಗಾಡಿಯನ್ನು ಅಡ್ಡ ನಿಲ್ಲಿಸಿ ಲೈಟು ಮಿನುಗಿಸಿ ರಸ್ತೆ ಕಾದ. ನಾವು ಅಕ್ಕನನ್ನು ಒಂದು ಕಲ್ಲುಗೋಡೆಯ ಬುಡಕ್ಕೆ ಕರೆತಂದೆವು. ಫೋನಿಗೆ ಸಿಗ್ನಲ್ ಇಲ್ಲ. ವಾಕಿಟಾಕಿಯಲ್ಲಿ ಬರೀ ಗಾಳಿಯ ಸದ್ದು. ವ್ಯಾನ್ ತುದಿಯಲ್ಲಿ ಕಾಯುತ್ತಿದೆ, ನಾವು ಬರುತ್ತಿಲ್ಲ ಅಂತ ಆ ಹುಡುಗನಿಗೆ ಅನ್ನಿಸಿ ಇಳಿದು ಬರುವವರೆಗೆ 25 ನಿಮಿಷ. ಅಷ್ಟೂ ಹೊತ್ತು ಅಕ್ಕ ನಡುಗುತ್ತಿದ್ದರು. ನನ್ನ ಜಾಕೆಟ್ ಹೊದಿಸಿ, ಕೈಗೆ ಜೋಳಿಗೆ ಕಟ್ಟಿ, ಪಕ್ಕದಲ್ಲಿ ಕೂತೆ. ಬೆಳಿಗ್ಗೆ ಮರೆ ಇದೆ ಅಂದಿದ್ದೆಯಲ್ಲ ಅಂತ ಅವರು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಕಾರ್ಲೈಲ್‌ನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಮಣಿಕಟ್ಟಿನ ಮೂಳೆ ಬಿರುಕು, ಆರು ವಾರ ಪ್ಲಾಸ್ಟರ್.

ಆಫೀಸಿನಲ್ಲಿ ಇನ್ಸಿಡೆಂಟ್ ರಿಪೋರ್ಟ್ ಬರೆದೆ. ಕಾರಣದ ಜಾಗದಲ್ಲಿ 'ಅನಿರೀಕ್ಷಿತ ಹವಾಮಾನ' ಎಂಬುದನ್ನು ಟಿಕ್ ಮಾಡು ಅಂದರು, ಮಾಡಲಿಲ್ಲ. ಶತಮಾನಗಳಿಂದ ಹೆಸರಿಟ್ಟು ಕರೆಯುತ್ತಿರುವ ಗಾಳಿ ಅನಿರೀಕ್ಷಿತ ಹೇಗಾದೀತು? 'ರೂಟ್ ಆಯ್ಕೆಯಲ್ಲಿ ತಪ್ಪು' ಎಂದು ಬರೆದು ಸಹಿ ಹಾಕಿದೆ. ರೂಟ್ ಟೆಂಪ್ಲೇಟಿಗೆ ಗಾಳಿಯ ದಿಕ್ಕಿನ ಕಾಲಮ್ ಸೇರಿಸಿ, ಬದಲಿ ದಾರಿಯ ಜಿಪಿಎಕ್ಸ್ ಇಲ್ಲದೆ ಯಾವ ಏರಿಗೂ ಒಪ್ಪಿಗೆ ಕೊಡಬೇಡಿ ಅಂತ ಕೇಳಿದೆ. ದುಡ್ಡು ಕೊಟ್ಟವರು ಬ್ರೋಷರಿನಲ್ಲಿದ್ದ ಏರನ್ನೇ ಕೇಳುತ್ತಾರೆ ಅಂದರು. 2019ರಲ್ಲಿ ಯಾರ್ಕ್‌ಶೈರ್‌ನಲ್ಲಿ ಸೈಕಲ್ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಮಳೆಗೆ ರಸ್ತೆ ಮುಳುಗಿತೆಂದು ಬಟರ್‌ಟಬ್ಸ್, ಗ್ರಿಂಟನ್ ಮೂರ್ ಎರಡೂ ಏರುಗಳನ್ನು ಕೈಬಿಟ್ಟು, ಸುಮಾರು 285 ಕಿ.ಮೀ. ಇದ್ದ ಪುರುಷರ ಸ್ಪರ್ಧೆಯನ್ನು 261ಕ್ಕೆ ಇಳಿಸಿದರು. ಜಗತ್ತಿನ ಅತಿ ಗಟ್ಟಿಗ ಸವಾರರಿಗೇ ಬೇಡವೆಂದ ಮೇಲೆ ರಜೆಗೆ ಬಂದವರಿಗೆ ಬೇಕೆ ಅಂತ ಕೇಳಿದೆ. ಉತ್ತರ ಬರಲಿಲ್ಲ. ಕಾಲಮ್ ಕೂಡ ಇನ್ನೂ ಬಂದಿಲ್ಲ.

ಹಾಗಾಗಿ ಷರಾ ಬರೆಯುವ ಜಾಗದಲ್ಲೇ ಎಲ್ಲ ಬರೆಯುತ್ತೇನೆ. ಪ್ರತಿ ಏರಿಗೂ ಯಾವ ಗಾಳಿಗೆ ಯಾವ ತಿರುವು ಕೆಟ್ಟದ್ದು, ಎಲ್ಲಿಂದ ಹಿಂತಿರುಗಬಹುದು, ಫೋನ್ ಎಲ್ಲಿ ಸಿಗುತ್ತದೆ, ವ್ಯಾನ್ ಎಲ್ಲಿ ನಿಲ್ಲಬೇಕು. ವ್ಯಾನ್ ಈಗ ತುದಿಯಲ್ಲಿ ಕಾಯುವುದಿಲ್ಲ, ಗ್ರೂಪಿನ ಹಿಂದೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಡೀಪ್ ರಿಮ್ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ರೆಕ್ಕಿಯನ್ನು ಪ್ರವಾಸದ ತಿಂಗಳಿನಲ್ಲೇ ಮಾಡುತ್ತೇನೆ, ಅದಕ್ಕೆ ಸಂಬಳ ಕೊಡದಿದ್ದರೆ ರಜೆ ಹಾಕಿ. ಪೆನ್ರಿತ್‌ನಲ್ಲಿ ತಿಂಡಿಗೆ ಮೊದಲು ಊರ ಹೊರಗಿನ ದಿಬ್ಬಕ್ಕೆ ಹೋಗಿ ಪೂರ್ವಕ್ಕೆ ನೋಡುತ್ತೇನೆ. ರೇಡಾರ್‌ನ ಬಿಳಿ ಗೋಳ ಕಂಡರೆ ಹಾರ್ಟ್‌ಸೈಡ್. ಅದರ ಮೇಲೆ ಆ ನೇರ ಕಂಬಳಿ ಬಿದ್ದಿದ್ದರೆ ಉತ್ತರಕ್ಕೆ ತಿರುಗಿ ಬ್ರಾಂಪ್ಟನ್, ಅಲ್ಲಿಂದ ಟೈನ್ ಕಣಿವೆಯ ತಗ್ಗು ದಾರಿ, ಹೇಡ್ರಿಯನ್ ಗೋಡೆಯ ಪಕ್ಕಕ್ಕೆ ಹ್ಯಾಲ್ಟ್‌ವಿಸಲ್. ನೋಡಲು ಅದೂ ಚಂದದ ದಾರಿಯೇ.

ಹೋದ ತಿಂಗಳು ಅಕ್ಕನ ಮೆಸೇಜ್ ಬಂತು. ಸೆಪ್ಟೆಂಬರಿನಲ್ಲಿ ಬರುತ್ತಾರಂತೆ, ಬಿಟ್ಟಲ್ಲಿಂದಲೇ ಹತ್ತಬೇಕಂತೆ. "ಯಾವ ದಿನ ಹತ್ತೋದು ಹೇಳು ತಮ್ಮಾ, ಟಿಕೆಟ್ ಮಾಡಿಸ್ತೀನಿ" ಅಂತ ಕೇಳಿದ್ದರು. ಮೂರು ದಿನ ಖಾಲಿ ಇಟ್ಟುಕೊಂಡು ಬನ್ನಿ ಅಕ್ಕಾ, ದಿನ ಯಾವುದು ಅಂತ ಹಿಂದಿನ ಸಂಜೆ ಮೋಡ ನೋಡಿ ಹೇಳ್ತೀನಿ ಅಂತ ಬರೆದೆ.