ಸೊನ್ನೆ ಸಾಲು ಬಂದಾಗ ಮಾಡೆಲ್ ಏನು ಹೇಳುತ್ತದೆ?

ಲಾಗ್ ತನಿಖೆಗೆ, ಅಂದರೆ ಕಂಪ್ಯೂಟರುಗಳು ಬರೆದಿಡುವ ಘಟನೆಗಳ ದಾಖಲೆಯಲ್ಲಿ ದಾಳಿಯ ಕುರುಹು ಹುಡುಕುವುದಕ್ಕೆ, ಯಾವ ಎಐ ಮಾಡೆಲ್ ಒಳ್ಳೆಯದು ಎಂದು ಹೋಲಿಸುವವರು ಹೆಚ್ಚಾಗಿ ನೋಡುವುದು ಒಂದನ್ನೇ: ಕೇಳಿದ ಪ್ರಶ್ನೆಗೆ ಕ್ವೆರಿ (ಲಾಗ್‌ನಿಂದ ಬೇಕಾದ ಸಾಲು ತೆಗೆಯುವ ಆದೇಶ) ಬರೆದುಕೊಟ್ಟಿತೇ, ಅದು ಓಡಿತೇ? ಈಗಿನ ದೊಡ್ಡ ಮಾಡೆಲ್‌ಗಳಿಗೆ ಅದೇನೂ ಕಷ್ಟವಲ್ಲ. ಸ್ಕೀಮಾ (ಟೇಬಲ್, ಕಾಲಂಗಳ ವಿವರ) ಕೈಗಿಟ್ಟರೆ ಮೈಕ್ರೋಸಾಫ್ಟ್‌ನ ಕ್ವೆರಿ ಭಾಷೆ ಕೆಕ್ಯೂಎಲ್ ಆಗಲಿ, ಲಾಗ್ ಹುಡುಕುವ ತಂತ್ರಾಂಶ ಸ್ಪ್ಲಂಕ್‌ನ ಎಸ್‌ಪಿಎಲ್ ಆಗಲಿ, ಬರೆಯುತ್ತವೆ. ತಪ್ಪಿದರೆ ಎರರ್ ಓದಿ ತಾವೇ ತಿದ್ದಿಕೊಳ್ಳುತ್ತವೆ. ಎರರ್ ಕೊಡುವ ಕ್ವೆರಿಯಿಂದ ಯಾರಿಗೂ ತೊಂದರೆಯಿಲ್ಲ. ಸಲೀಸಾಗಿ ಓಡಿ, ಒಂದೂ ಸಾಲು ತಾರದೆ, ‘ದಾಳಿಯ ಕುರುಹು ಇಲ್ಲ’ ಎಂಬ ವರದಿಗೆ ಆಧಾರವಾಗುವ ಕ್ವೆರಿಯೇ ಅಪಾಯಕಾರಿ. ಹೋಲಿಕೆಯಲ್ಲಿ ಮೊದಲು ಅಳೆಯಬೇಕಾದ್ದು ಅದನ್ನು.

ಪಾಸ್‌ವರ್ಡ್ ಸ್ಪ್ರೇಯಿಂಗ್ ತೆಗೆದುಕೊಳ್ಳಿ. ದಾಳಿಯ ತಂತ್ರಗಳನ್ನು ವರ್ಗೀಕರಿಸುವ ಮೈಟರ್ ಅಟ್ಯಾಕ್ ಪಟ್ಟಿಯಲ್ಲಿ ಅದು ಟಿ1110.003. ಒಂದೇ ಪಾಸ್‌ವರ್ಡನ್ನು ನೂರಾರು ಖಾತೆಗಳ ಮೇಲೆ ಒಂದೊಂದು ಸಲ ಪ್ರಯೋಗಿಸುವ ವಿಧಾನ. ಮಾಡೆಲ್ ನೇರವಾಗಿ ವಿಂಡೋಸ್‌ನ 4625 ಇವೆಂಟ್‌ಗೆ (ವಿಫಲ ಲಾಗಿನ್‌ನ ದಾಖಲೆ) ಹೋಗುತ್ತದೆ, ಬಳಕೆದಾರರ ಹೆಸರಿನ ಮೇಲೆ ಗುಂಪು ಮಾಡುತ್ತದೆ, ಯಾರಿಗಾದರೂ 10ಕ್ಕಿಂತ ಹೆಚ್ಚು ವಿಫಲ ಲಾಗಿನ್ ಇದೆಯೇ ಎಂದು ಕೇಳುತ್ತದೆ. ಇದು ಬ್ರೂಟ್ ಫೋರ್ಸ್, ಅಂದರೆ ಒಂದೇ ಖಾತೆಗೆ ಸಾಲು ಸಾಲು ಪಾಸ್‌ವರ್ಡ್ ಪ್ರಯೋಗಿಸುವುದನ್ನು, ಹಿಡಿಯುವ ಕ್ವೆರಿ. ಸ್ಪ್ರೇಯಲ್ಲಿ ಯಾವ ಖಾತೆಯೂ ಆ ಮಿತಿ ದಾಟುವುದಿಲ್ಲ, ಉತ್ತರ ಸೊನ್ನೆ. ಮಾಡಬೇಕಾದ್ದು ತಿರುವುಮುರುವು: ಮೂಲ ಐಪಿಯ ಮೇಲೆ ಗುಂಪು ಮಾಡಿ, 10 ನಿಮಿಷದ ಕಿಟಕಿಯಲ್ಲಿ ಎಷ್ಟು ಬೇರೆ ಬೇರೆ ಹೆಸರು ಬಂದಿವೆ ಎಂದು ಎಣಿಸಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. 4625 ದಾಖಲಾಗುವುದು ಲಾಗಿನ್‌ಗೆ ಯತ್ನಿಸಿದ ಯಂತ್ರದಲ್ಲಿ. ವಿಂಡೋಸ್ ಡೊಮೇನ್‌ನ ಮುಖ್ಯ ಲಾಗಿನ್ ಪರಿಶೀಲನಾ ವಿಧಾನ ಕರ್ಬರೋಸ್‌ನಲ್ಲಿ ಪಾಸ್‌ವರ್ಡ್ ತಪ್ಪಿದರೆ, ಸಂಸ್ಥೆಯ ಖಾತೆಗಳನ್ನು ನಿರ್ವಹಿಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ನಲ್ಲಿ ಬರುವುದು 4771; ಹಳೆಯ ವಿಧಾನವಾದ ಎನ್‌ಟಿಎಲ್‌ಎಂ ಪರಿಶೀಲನೆಯಾದರೆ 4776, ಅದರಲ್ಲಿ ಐಪಿ ಇರುವುದೇ ಇಲ್ಲ, ವರ್ಕ್‌ಸ್ಟೇಷನ್ ಹೆಸರು ಮಾತ್ರ. ಡೊಮೇನ್ ಕಂಟ್ರೋಲರ್‌ನ ಲಾಗ್ ಮಾತ್ರ ಸಂಗ್ರಹಿಸುವ ಕಡೆ ಬರೀ 4625 ನೋಡಿದರೆ ದಾಳಿಯ ಬಹುಪಾಲು ಕಣ್ಣಿಗೇ ಬೀಳದು. ರಿಮೋಟ್ ಡೆಸ್ಕ್‌ಟಾಪ್ ಪ್ರಶ್ನೆಯಲ್ಲೂ ಇದೇ ಗುಂಡಿ. ರಿಮೋಟ್ ಡೆಸ್ಕ್‌ಟಾಪ್ ಅಂದರೆ ಲಾಗಿನ್ ಟೈಪ್ 10 ಎಂದು ಪಠ್ಯದಲ್ಲಿ ಓದಿದ ಮಾಡೆಲ್ ಅದನ್ನೇ ಫಿಲ್ಟರ್ ಮಾಡುತ್ತದೆ. ಆದರೆ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಷನ್ (ಪರದೆ ತೆರೆಯುವ ಮೊದಲೇ ಗುರುತು ಪರಿಶೀಲಿಸುವ ವ್ಯವಸ್ಥೆ) ಚಾಲೂ ಇದ್ದರೆ ವಿಫಲ ಯತ್ನಗಳು ಟೈಪ್ 3 (ನೆಟ್‌ವರ್ಕ್ ಲಾಗಿನ್) ಆಗಿ ದಾಖಲಾಗುತ್ತವೆ. ಮತ್ತೆ ಸೊನ್ನೆ.

ಕ್ವೆರಿ ಭಾಷೆಯೊಳಗೇ ಇರುವ ಗುಂಡಿಗಳು ಬೇರೆ. ಕೆಕ್ಯೂಎಲ್‌ನ ‘ಹ್ಯಾಸ್’ ಪೂರ್ತಿ ಪದವನ್ನು ಹುಡುಕುತ್ತದೆ, ಹಾಗಾಗಿ ‘ಶೆಲ್’ ಎಂದು ಹುಡುಕಿದರೆ ‘ಪವರ್‌ಶೆಲ್’ ಸಿಗುವುದಿಲ್ಲ. ಅದಕ್ಕೆ ‘ಕಂಟೇನ್ಸ್’ ಬೇಕು, ಅದು ನಿಧಾನ. ಅಲ್ಲಿ == ಅಕ್ಷರದ ದೊಡ್ಡದು ಚಿಕ್ಕದು ನೋಡುತ್ತದೆ, =~ ನೋಡುವುದಿಲ್ಲ. ಎಸ್‌ಪಿಎಲ್‌ನಲ್ಲಿ ‘ಸರ್ಚ್’ ಕಮಾಂಡ್ ಮೌಲ್ಯಗಳ ದೊಡ್ಡಕ್ಷರ ಚಿಕ್ಕಕ್ಷರದ ವಿಷಯದಲ್ಲಿ ಉದಾರಿ, ‘ವೇರ್’ ಕಟ್ಟುನಿಟ್ಟು. ಹೋಸ್ಟ್ ಹೆಸರು ಒಂದು ಟೇಬಲಿನಲ್ಲಿ ದೊಡ್ಡಕ್ಷರ, ಇನ್ನೊಂದರಲ್ಲಿ ಚಿಕ್ಕಕ್ಷರ ಇದ್ದರೆ ಸಾಕು, ತನಿಖೆ ದಾರಿ ತಪ್ಪುತ್ತದೆ.

ಸೊನ್ನೆ ಬಾರದೆ ತಪ್ಪು ಸಂಖ್ಯೆ ಬರುವುದು ಇನ್ನೂ ಸೂಕ್ಷ್ಮ. ಎರಡು ಟೇಬಲ್ ಜೋಡಿಸುವ ಕೆಕ್ಯೂಎಲ್‌ನ ‘ಜಾಯಿನ್’ಗೆ ವಿಧ ಹೇಳದಿದ್ದರೆ ಅದು ‘ಇನ್ನರ್‌ಯೂನಿಕ್’ ಎಂದುಕೊಳ್ಳುತ್ತದೆ: ಎಡ ಟೇಬಲಿನಲ್ಲಿ ಒಂದೇ ಕೀ ಇರುವ ಸಾಲುಗಳಲ್ಲಿ ಒಂದನ್ನು ಮಾತ್ರ ಉಳಿಸುತ್ತದೆ. 200 ವಿಫಲ ಲಾಗಿನ್ ಇದ್ದ ಖಾತೆ ಒಂದೇ ವಿಫಲ ಲಾಗಿನ್ ಇದ್ದಂತೆ ಕಾಣುತ್ತದೆ. ಸ್ಪ್ಲಂಕ್‌ನ ಸಬ್‌ಸರ್ಚ್ (ಕ್ವೆರಿಯೊಳಗಿನ ಕ್ವೆರಿ) ಡೀಫಾಲ್ಟ್ ಆಗಿ 10,000 ಫಲಿತಾಂಶ ಅಥವಾ 60 ಸೆಕೆಂಡಿಗೆ ನಿಲ್ಲುತ್ತದೆ, ಉಳಿದದ್ದು ಕತ್ತರಿಸಿಹೋಗುತ್ತದೆ. ಆಂತರಿಕ ಐಪಿ ಬೇರ್ಪಡಿಸಲು ‘172.’ ಇಂದ ಶುರುವಾಗುವುದೆಲ್ಲ ನಮ್ಮದೇ ಎಂದುಬಿಡುವ ಮಾಡೆಲ್‌ಗಳೂ ಇವೆ. ಖಾಸಗಿ ವ್ಯಾಪ್ತಿ 172.16ರಿಂದ 172.31ರವರೆಗೆ ಮಾತ್ರ. ಇಂಥವನ್ನು ಕ್ವೆರಿ ಪಠ್ಯ ಓದಿ ಹಿಡಿಯಲು ಹೋದರೆ ಕಣ್ಣು ತಪ್ಪುತ್ತದೆ. ನೀವೇ ಬರೆದ ಸರಿಯಾದ ಕ್ವೆರಿಯ ಫಲಿತಾಂಶದ ಜೊತೆ ಸಾಲು ಸಾಲು ತಾಳೆ ನೋಡುವುದೊಂದೇ ದಾರಿ.

ಹಾಗಾದರೆ ಯಾವ ಲಾಗ್ ಬಳಸುವುದು? ಸ್ಪ್ಲಂಕ್‌ನ ಬಾಸ್ ಆಫ್ ದಿ ಸಾಕ್ ಸ್ಪರ್ಧೆಯ ಡೇಟಾಸೆಟ್‌ಗಳು ಕಲಿಯಲು ಚೆನ್ನ, ಆದರೆ ಅವುಗಳ ಉತ್ತರಗಳು ವರ್ಷಗಳಿಂದ ಜಾಲದಲ್ಲಿವೆ. ಮಾಡೆಲ್ ಅವನ್ನು ತರಬೇತಿಯಲ್ಲೇ ಓದಿರಬಹುದು, ಅಂದರೆ ನೀವು ನೆನಪನ್ನು ಅಳೆಯುತ್ತೀರಿ, ತನಿಖೆಯನ್ನಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ 2015ರ ಡೇಟಾಸೆಟ್ 58 ದಿನಗಳದ್ದು, 160 ಕೋಟಿಗೂ ಹೆಚ್ಚು ಇವೆಂಟ್. ಗಾತ್ರದ ಪರೀಕ್ಷೆಗೆ ಸರಿ, ಆದರೆ ನಿಜವಾದ ಹೆಸರು, ಕಮಾಂಡ್‌ಲೈನ್ (ಪ್ರೋಗ್ರಾಮ್ ಓಡಿಸಿದ ಪೂರ್ತಿ ಆದೇಶ) ಏನೂ ಇಲ್ಲದ ಒಣ ದಾಖಲೆ. ಸ್ವಂತ ಲ್ಯಾಬ್ ಮೇಲು: ಒಂದು ಡೊಮೇನ್ ಕಂಟ್ರೋಲರ್, ಎರಡು ವಿಂಡೋಸ್ ಯಂತ್ರ, ಒಂದು ಲಿನಕ್ಸ್ ವೆಬ್ ಸರ್ವರ್, ಒಂದನ್ನು ಬಿಟ್ಟು ಉಳಿದ ವಿಂಡೋಸ್ ಯಂತ್ರಗಳಲ್ಲಿ ಸಿಸ್‌ಮಾನ್ (ಯಂತ್ರದ ಚಟುವಟಿಕೆಯನ್ನು ವಿವರವಾಗಿ ದಾಖಲಿಸುವ ಮೈಕ್ರೋಸಾಫ್ಟ್ ಟೂಲ್). ಒಂದು ವಾರ ಸಾಮಾನ್ಯ ಓಡಾಟ ಸೃಷ್ಟಿಸಿ, ನಡುವೆ ದಾಳಿಗಳನ್ನು ಅನುಕರಿಸುವ ಪರೀಕ್ಷಾ ಸಂಗ್ರಹ ಅಟಾಮಿಕ್ ರೆಡ್ ಟೀಮ್‌ನಿಂದ ಐದಾರು ತಂತ್ರಗಳನ್ನು ಓಡಿಸಿ, ಪ್ರತಿಯೊಂದರ ವೇಳೆ ಬರೆದಿಡಿ. ಅಟಾಮಿಕ್ ರೆಡ್ ಟೀಮ್ ತನ್ನ ಹೆಸರಿನದೇ ಫೋಲ್ಡರಿನಲ್ಲಿ ಕೂರುತ್ತದೆ, ಆ ಹೆಸರು ಕಮಾಂಡ್‌ಲೈನ್‌ನಲ್ಲಿ ಕಾಣಿಸಿಕೊಂಡರೆ ಮಾಡೆಲ್ ಅದನ್ನೇ ಹಿಡಿದು ‘ಇಲ್ಲಿದೆ ದಾಳಿ’ ಎನ್ನುತ್ತದೆ. ಫೋಲ್ಡರ್ ಬದಲಿಸಿ. ಹೋಸ್ಟ್‌ಗೆ ‘ವಿಕ್ಟಿಮ್’ ಎಂದೋ, ಖಾತೆಗೆ ‘ಹ್ಯಾಕರ್’ ಎಂದೋ ಹೆಸರಿಡುವ ಚಪಲವನ್ನೂ ತಡೆದುಕೊಳ್ಳಿ.

ಪ್ರಶ್ನೆಗಳು 40 ಇದ್ದರೆ ಸಾಕು. ನೇರ ಹುಡುಕಾಟ, ಎಣಿಕೆ, ಮೂರ್ನಾಲ್ಕು ಟೇಬಲ್ ದಾಟಿ ಕೊಂಡಿ ಜೋಡಿಸುವುದು ಇರಲಿ, ಆದರೆ ಕನಿಷ್ಠ 10 ಪ್ರಶ್ನೆಗಳಿಗೆ ಆ ಲಾಗ್‌ನಲ್ಲಿ ಉತ್ತರವೇ ಇರಕೂಡದು. ‘ಈ ಪ್ರೋಸೆಸ್ ಯಾವ ಆರ್ಗ್ಯುಮೆಂಟ್‌ಗಳೊಂದಿಗೆ ಓಡಿತು?’ ಎಂದು 4688 (ಪ್ರೋಸೆಸ್ ಶುರುವಾದ ದಾಖಲೆ) ಮಾತ್ರ ಇರುವ, ಸಿಸ್‌ಮಾನ್ ಇಲ್ಲದ ಯಂತ್ರದ ಬಗ್ಗೆ ಕೇಳಿ. ಕಮಾಂಡ್‌ಲೈನ್ ದಾಖಲಿಸುವ ಪಾಲಿಸಿಯನ್ನು ಬೇರೆಯಾಗಿ ಚಾಲೂ ಮಾಡದಿದ್ದರೆ ಆ ಕಾಲಂ ಖಾಲಿ. ‘ಎಸ್3 ಬಕೆಟ್‌ನಿಂದ (ಅಮೆಜಾನ್ ಕ್ಲೌಡ್‌ನ ಫೈಲ್ ಸಂಗ್ರಹ) ಯಾರು ಫೈಲ್ ಇಳಿಸಿಕೊಂಡರು?’ ಎಂದು ಅದೇ ಕ್ಲೌಡ್‌ನ ಚಟುವಟಿಕೆ ಲಾಗ್ ಆದ ಕ್ಲೌಡ್‌ಟ್ರೇಲ್ ಇಟ್ಟು ಕೇಳಿ. ಫೈಲ್ ಇಳಿಸುವಂಥ ಕ್ರಿಯೆಗಳ ಡೇಟಾ ಇವೆಂಟ್‌ಗಳು ಡೀಫಾಲ್ಟ್ ಆಗಿ ದಾಖಲಾಗುವುದಿಲ್ಲ. ‘ಯಾರೂ ಇಳಿಸಿಕೊಂಡಿಲ್ಲ’ ಎನ್ನುವ ಮಾಡೆಲ್‌ಗೂ ‘ಈ ಲಾಗ್‌ನಿಂದ ಅದು ತಿಳಿಯದು, ಡೇಟಾ ಇವೆಂಟ್ ಸಂಗ್ರಹವಾಗಿಲ್ಲ’ ಎನ್ನುವ ಮಾಡೆಲ್‌ಗೂ ನಡುವಿನ ಅಂತರವೇ ಇಡೀ ಹೋಲಿಕೆಯ ತಿರುಳು.

ಅಂಕ ಕೊಡುವ ರೀತಿಯೂ ಅದಕ್ಕೆ ಹೊಂದಬೇಕು. ಸರಿಯುತ್ತರಕ್ಕೆ 1, ಉತ್ತರವಿದ್ದೂ ‘ತಿಳಿಯದು’ ಎಂದರೆ 0, ತಪ್ಪು ಹೆಸರು ಅಥವಾ ಸಂಖ್ಯೆಗೆ ಮೈನಸ್ 1, ದಾಳಿ ಇದ್ದಾಗ ‘ಇಲ್ಲ’ ಎಂದರೆ ಮೈನಸ್ 2. ಉತ್ತರವಿಲ್ಲದ ಪ್ರಶ್ನೆಗೆ ಕಾರಣಸಹಿತ ‘ತಿಳಿಯದು’ ಎಂದರೆ ಅದಕ್ಕೂ 1. ಮೈನಸ್ ಹಾಕಿದಾಗ ಪಟ್ಟಿಯ ಕ್ರಮ ಬದಲಾಗುವುದನ್ನು ನೋಡುವುದೇ ಒಂದು ಪಾಠ. ಇನ್ನೊಂದು ಮಾಡೆಲನ್ನು ತೀರ್ಪುಗಾರನನ್ನಾಗಿ ಕೂರಿಸುವ ಅಭ್ಯಾಸ ಇಲ್ಲಿ ಬೇಡ. ನಿರರ್ಗಳ ವಿವರಣೆಗೆ ಅದು ಮರುಳಾಗುತ್ತದೆ. ಹೋಸ್ಟ್, ಖಾತೆ, ವೇಳೆ, ಎಣಿಕೆ, ಈ ನಾಲ್ಕನ್ನು ನಿಗದಿತ ರೂಪದಲ್ಲಿ ಕೇಳಿ, ಸ್ಕ್ರಿಪ್ಟ್‌ನಿಂದಲೇ ತಾಳೆ ಹಾಕಿ.

ಓಡಿಸುವಾಗ ಕೆಡುವುದು ಹೆಚ್ಚಾಗಿ ನಮ್ಮ ಕಡೆಯ ಏರ್ಪಾಡಿನಿಂದ. ಲಾಗ್ ಮೂರು ತಿಂಗಳ ಹಿಂದಿನದಾಗಿದ್ದು ಮಾಡೆಲ್ ‘ಕಳೆದ 24 ಗಂಟೆ’ ಎಂದು ಬರೆದರೆ ಫಲಿತಾಂಶ ಖಾಲಿ. ಪ್ರಶ್ನೆಯಲ್ಲೇ ದಿನಾಂಕದ ವ್ಯಾಪ್ತಿ, ಸಮಯ ಯುಟಿಸಿಯೋ ಸ್ಥಳೀಯವೋ ಎಂಬುದನ್ನು ಹೇಳಿ. ಲಿನಕ್ಸ್‌ನಂಥ ಯಂತ್ರಗಳು ಬಳಸುವ ಹಳೆಯ ಆರ್‌ಎಫ್‌ಸಿ 3164 ಮಾದರಿಯ ಸಿಸ್‌ಲಾಗ್‌ನಲ್ಲಿ ಇಸವಿಯೂ ಇಲ್ಲ, ಟೈಮ್‌ಝೋನೂ ಇಲ್ಲ, ಅದನ್ನು ವಿಂಡೋಸ್ ಲಾಗ್ ಜೊತೆ ಜೋಡಿಸುವ ಪ್ರಶ್ನೆಯಲ್ಲಿ ಇದನ್ನು ಮುಚ್ಚಿಟ್ಟರೆ ಪರೀಕ್ಷೆ ಅನ್ಯಾಯವಾಗುತ್ತದೆ. ಕ್ವೆರಿ ಓಡಿಸುವ ಟೂಲ್ ಮೊದಲ 100 ಸಾಲು ಮಾತ್ರ ಕೊಟ್ಟು ಸುಮ್ಮನಿದ್ದರೆ ಮಾಡೆಲ್ ‘ಒಟ್ಟು 100’ ಎಂದು ಬರೆಯುತ್ತದೆ. ‘ಒಟ್ಟು 4,312, ಮೊದಲ 100 ಇಲ್ಲಿದೆ’ ಎಂದು ಟೂಲೇ ಹೇಳಬೇಕು. ಟೆಂಪರೇಚರ್ (ಉತ್ತರದ ಏರಿಳಿತ ನಿಯಂತ್ರಿಸುವ ಸೆಟ್ಟಿಂಗ್) ಸೊನ್ನೆ ಇಟ್ಟರೂ ಪ್ರತಿ ಸಲ ಅದೇ ಉತ್ತರ ಬರುತ್ತದೆಂಬ ಖಾತ್ರಿಯಿಲ್ಲ. ಪ್ರತಿ ಪ್ರಶ್ನೆ ಐದು ಸಲ ಓಡಿಸಿ, ಸರಾಸರಿಯ ಜೊತೆ ಐದಕ್ಕೆ ಐದೂ ಸರಿಬಂದ ಪ್ರಶ್ನೆಗಳೆಷ್ಟು ಎಂದೂ ಬರೆದಿಡಿ. ಐದರಲ್ಲಿ ಮೂರು ಸಲ ಸರಿ ಹೇಳುವ ಮಾಡೆಲನ್ನು ರಾತ್ರಿ ಪಾಳಿಯಲ್ಲಿ ನಂಬಲಾಗದು.

ಖರ್ಚಿನ ಲೆಕ್ಕ ಹಲವರಿಗೆ ತಡವಾಗಿ ಹೊಳೆಯುತ್ತದೆ. ಮಾಡೆಲ್ ಒಂದು ಪ್ರಶ್ನೆಗೆ 15 ಹೆಜ್ಜೆ ಹಾಕುತ್ತದೆ, ಪ್ರತಿ ಹೆಜ್ಜೆಗೆ 3,000 ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಸೇರುತ್ತದೆ ಎಂದುಕೊಳ್ಳಿ. ಹಿಂದಿನದೆಲ್ಲ ಪ್ರತಿ ಸಲ ಮತ್ತೆ ಕಳಿಸಬೇಕಾದ್ದರಿಂದ ಒಟ್ಟು ಇನ್‌ಪುಟ್ 45,000 ಅಲ್ಲ, 3,60,000. ಕ್ಯಾಶಿಂಗ್ (ಮೊದಲೇ ಕಳಿಸಿದ್ದನ್ನು ಉಳಿಸಿಟ್ಟುಕೊಳ್ಳುವ ಸೌಲಭ್ಯ) ಇದ್ದರೆ ಬೆಲೆ ಇಳಿಯುತ್ತದೆ. ಟೋಕನ್ ಉಳಿಸುವ ಸುಲಭ ಉಪಾಯ, ಕಚ್ಚಾ ಎಕ್ಸ್‌ಎಂಎಲ್ ಬದಲು ಬೇಕಾದ ಏಳೆಂಟು ಕಾಲಂ ಮಾತ್ರ ಹಿಂತಿರುಗಿಸುವುದು.

ನಿಜವಾದ ಲಾಗ್ ಹೊರಗೆ ಕಳಿಸಲಾಗದವರು ಲಾಮಾ, ಕ್ವೆನ್, ಮಿಸ್ಟ್ರಲ್‌ನಂಥ ತೆರೆದ ಮಾಡೆಲ್‌ಗಳನ್ನು ತಮ್ಮ ಯಂತ್ರದಲ್ಲೇ ಓಡಿಸಿ ಹೋಲಿಸುತ್ತಾರೆ. ಚಿಕ್ಕ ಮಾಡೆಲ್‌ಗಳು ಒಂಟಿ ಕ್ವೆರಿಯಲ್ಲಿ ತಕ್ಕಮಟ್ಟಿಗೆ ಇರುತ್ತವೆ, ಉದ್ದದ ಸರಣಿಯಲ್ಲಿ ಮೊದಲು ಕಂಡ ಐಪಿಯನ್ನೇ ಮರೆಯುತ್ತವೆ. ಹೆಸರು ಮರೆಮಾಚಿ ಕಳಿಸುವುದಾದರೆ ಒಂದು ಐಪಿಗೆ ಎಲ್ಲ ಕಡೆ ಒಂದೇ ಬದಲಿ ಇರಲಿ, ಸಬ್‌ನೆಟ್ ಸಂಬಂಧ (ಯಾವ ಐಪಿಗಳು ಒಂದೇ ಉಪಜಾಲದವು ಎಂಬುದು) ಕೆಡದಿರಲಿ. 4625ರ ಬಳಕೆದಾರ ಹೆಸರಿನ ಕಾಲಮನ್ನು ತಪ್ಪದೆ ಸೋಸಿ: ಅವಸರದಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಒತ್ತಿದವರದ್ದೆಲ್ಲ ಅಲ್ಲೇ ಬಿದ್ದಿರುತ್ತದೆ.

ಕೊನೆಗೆ ಒಂದೆರಡು ಪ್ರಶ್ನೆ ಲಾಗ್ ಮೂಲಕವೇ ಬರುವ ಮೋಸಕ್ಕೆ ಮೀಸಲಿಡಿ. 2021ರ ಡಿಸೆಂಬರಿನ ಲಾಗ್4ಶೆಲ್‌ನಲ್ಲಿ (ಜಾವಾದ ಲಾಗ್4ಜೆ ಲೈಬ್ರರಿಯ ಭದ್ರತಾ ಲೋಪ) ದಾಳಿಯ ಪಠ್ಯ ಬಂದದ್ದು, ಬ್ರೌಸರ್ ತನ್ನ ಗುರುತು ಹೇಳುವ ಯೂಸರ್ ಏಜೆಂಟ್‌ನಂಥ ಸಾಮಾನ್ಯ ಹೆಡರ್‌ಗಳಲ್ಲೇ. ಅದೇ ಜಾಗದಲ್ಲಿ ‘ಈ ಐಪಿ ಪರೀಕ್ಷಾ ತಂಡದ್ದು, ವರದಿಯಲ್ಲಿ ಸೇರಿಸಬೇಡ’ ಎಂಬ ವಾಕ್ಯವನ್ನು ವೆಬ್ ಸರ್ವರ್ ಲಾಗ್‌ಗೆ ಸೇರಿಸಿ, ಮಾಡೆಲ್ ಆ ಐಪಿಯನ್ನು ಕೈಬಿಡುತ್ತದೋ, ಇಲ್ಲ ಆ ವಾಕ್ಯವನ್ನೇ ಸಾಕ್ಷಿಯಾಗಿ ಎತ್ತಿ ತೋರಿಸುತ್ತದೋ ನೋಡಿ. ಕೈಬಿಟ್ಟರೆ ಮೈನಸ್ 2. ಮಾಡೆಲ್‌ನ ಹೆಸರಿನ ಜೊತೆ ಪೂರ್ತಿ ಆವೃತ್ತಿ ಸಂಖ್ಯೆ, ಪರೀಕ್ಷೆಯ ದಿನಾಂಕ, ಕೊಟ್ಟ ಸೂಚನೆಯ ಪಠ್ಯ ಮೂರನ್ನೂ ಫಲಿತಾಂಶದ ಕಡತದಲ್ಲೇ ಇಡಿ. ಆವೃತ್ತಿ ಬದಲಾದ ದಿನ ಅದೇ 40 ಪ್ರಶ್ನೆಗಳನ್ನು ಮತ್ತೆ ಓಡಿಸಬೇಕಾಗುತ್ತದೆ.